ಟಾರ್ಚ್ ಬೆಳಕಿನಲ್ಲಿ ಲಿನಕ್ಸ್

ನನ್ನ ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ಎರಡು ಗ್ರಾಫಿಕ್ಸ್ ಕಾರ್ಡುಗಳಿವೆ. ಕೊಳ್ಳುವಾಗ ಇದು ಹೆಮ್ಮೆಯ ವಿಷಯವಾಗಿತ್ತು. ‘ಡೆಡಿಕೇಟೆಡ್ ಗ್ರಾಫಿಕ್ಸ್ ಸಾರ್, ಎರಡು ಜಿಬಿ’ ಎಂದು ಅಂಗಡಿಯ ಹುಡುಗ ದನಿ ತಗ್ಗಿಸಿ ಹೇಳಿದಾಗ ನಾನು ಎಲ್ಲ ಬಲ್ಲವನ ಹಾಗೆ ಗೋಣು ಹಾಕಿ, ಹೆಚ್ಚಿನ ದುಡ್ಡು ಎಣಿಸಿದ್ದೆ. ಆ ಮೇಲೆ ಅದರಲ್ಲಿ ನಾನು ಮಾಡಿದ ಘನಕಾರ್ಯವೆಂದರೆ ಲೇಖನ ಟೈಪಿಸಿದ್ದು, ಕರೆಂಟ್ ಬಿಲ್ ಕಟ್ಟಿದ್ದು, ರಾತ್ರಿ ನಿದ್ದೆ ಬಾರದಾಗ ಇಸ್ಪೀಟು ಆಡಿದ್ದು. ಆ ಎರಡು ಜಿಬಿಯವನು ಇಷ್ಟು ವರ್ಷ ಒಳಗೆ ಕೂತು ಏನು ಮಾಡುತ್ತಿದ್ದನೋ, ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಆಯುಷ್ಯ ಮುಗಿಯಿತು. ಹನ್ನೊಂದಕ್ಕೆ ಹೋಗೋಣವೆಂದರೆ ಇಂಟೆಲ್ಲಿನ ಎಂಟನೆಯ ತಲೆಮಾರಿನ ಪ್ರೊಸೆಸರ್ ಬೇಕಂತೆ. ನನ್ನದು ಏಳನೆಯದು. ‘ಹೊಸದು ತಗೊಳ್ಳಿ ಮಾವ’ ಎಂದ ಅಕ್ಕನ ಮಗ. ಈ ಹುಡುಗರಿಗೆ ಎಲ್ಲ ರೋಗಕ್ಕೂ ಇದೊಂದೇ ಮದ್ದು. ಹಳೆಯದಕ್ಕೆ ಎಷ್ಟು ಬರಬಹುದೆಂದು ತಿಳಿಯಲು ಎಸ್.ಪಿ. ರೋಡಿಗೆ ಹೋದೆ. ಅಂಗಡಿಯವನು ಲ್ಯಾಪ್‌ಟಾಪನ್ನು ತೆರೆದೂ ನೋಡದೆ ಕೈಯಲ್ಲಿ ತೂಗಿ ಒಂದು ಬೆಲೆ ಹೇಳಿದ. ಅವನ ಹಿಂದೆ ಗೋಣಿಚೀಲದ ತುಂಬ ಲ್ಯಾಪ್‌ಟಾಪುಗಳು. ಮೇಲಿದ್ದ ಒಂದರ ಮುಚ್ಚಳಕ್ಕೆ ಯಾವುದೋ ಮಗು ಚಿಟ್ಟೆಯ ಸ್ಟಿಕ್ಕರ್ ಅಂಟಿಸಿ, ತನ್ನ ಹೆಸರನ್ನೂ ತರಗತಿಯನ್ನೂ ಬರೆದಿತ್ತು. ಚೀಲದ ಪಕ್ಕದಲ್ಲಿ ಹದಿನಾರೋ ಹದಿನೇಳೋ ವಯಸ್ಸಿನ ಹುಡುಗನೊಬ್ಬ ಬರಿಗೈಯಲ್ಲಿ ಬೋರ್ಡುಗಳನ್ನು ಕಿತ್ತು ಗುಡ್ಡೆ ಹಾಕುತ್ತಿದ್ದ. ಅವನು ಕೀಳುತ್ತಿದ್ದವುಗಳಲ್ಲಿ ನಿಜವಾಗಿ ಕೆಟ್ಟವು ಎಷ್ಟಿದ್ದವು, ತಾರೀಖು ಮುಗಿದವು ಎಷ್ಟಿದ್ದವು? ನನ್ನದನ್ನು ಬಗಲಿಗೆ ಹಾಕಿಕೊಂಡು ವಾಪಸು ಬಂದೆ. ಲಿನಕ್ಸ್ ಹಾಕುತ್ತೇನೆಂದು ಮನೆಯಲ್ಲಿ ಘೋಷಿಸಿದ್ದು ಅಂದೇ ಸಂಜೆ.

ಹಾಕುವ ಕೆಲಸವೇನೋ ಸಲೀಸು. ಪೆನ್‌ಡ್ರೈವ್ ಚುಚ್ಚಿದರೆ ಉಬುಂಟು ಎಂಬ ಲಿನಕ್ಸ್ ಬರುತ್ತದೆ, ಭಾಷೆ ಕೇಳುತ್ತದೆ, ಊರು ಕೇಳುತ್ತದೆ, ಡಿಸ್ಕ್ ಒರೆಸಲೇ ಎಂದು ಕೇಳುತ್ತದೆ. ಮೊದಲ ಸಲ ಪರದೆ ಹೆಪ್ಪುಗಟ್ಟಿ ನಿಂತಾಗ ‘ನೋಮೋಡ್‌ಸೆಟ್’ ಎಂಬ ಮಂತ್ರ ಸೇರಿಸಿದೆ, ನಡೆಯಿತು. ದೊಡ್ಡ ಕಾರ್ಡಿನ ಡ್ರೈವರ್ ಹಾಕಿದ ಮೇಲೆ ನೀಲಿ ಪರದೆಯೊಂದು ಬಂದು, ಹತ್ತು ಸೆಕೆಂಡಿನೊಳಗೆ ಯಾವುದಾದರೂ ಕೀಲಿ ಒತ್ತು ಎಂದು ಗದರಿಸಿತು. ಒತ್ತಿದೆ. ಇದೇನು ಮಹಾ ಎಂದುಕೊಂಡು ಆ ಮಂತ್ರವನ್ನು ತೆಗೆದುಹಾಕಿ ರೀಸ್ಟಾರ್ಟ್ ಮಾಡಿದೆ.

ಪರದೆ ಕಪ್ಪಾಯಿತು.

ಇಲ್ಲಿ ಈ ಎರಡು ಕಾರ್ಡುಗಳ ಸಂಸಾರದ ಬಗ್ಗೆ ಒಂದು ಮಾತು ಹೇಳಲೇಬೇಕು. ಪ್ರೊಸೆಸರಿನೊಳಗಿರುವ ಚಿಕ್ಕವನು ಕಡಿಮೆ ಕರೆಂಟು ತಿನ್ನುತ್ತಾನೆ, ದಿನನಿತ್ಯದ ಕೆಲಸವೆಲ್ಲ ಅವನದೇ. ದೊಡ್ಡವನನ್ನು ಆಟಕ್ಕೋ ವಿಡಿಯೋ ಎಡಿಟಿಂಗಿಗೋ ಮಾತ್ರ ಎಬ್ಬಿಸಬೇಕು. ‘ಆಪ್ಟಿಮಸ್’ ಎಂಬ ಹೆಸರಿನಲ್ಲಿ ಈ ಏರ್ಪಾಡು ಬಂದದ್ದು 2010ರಲ್ಲಿ. ಚೋದ್ಯವೆಂದರೆ ಪರದೆಯ ತಂತಿ ಇರುವುದು ಚಿಕ್ಕವನ ಕೈಯಲ್ಲಿ. ದೊಡ್ಡವನು ಎಷ್ಟೇ ಚೆಂದದ ಚಿತ್ರ ಬರೆದರೂ ಅದನ್ನು ಚಿಕ್ಕವನಿಗೆ ಒಪ್ಪಿಸಿ, ಅವನ ಮೂಲಕವೇ ತೋರಿಸಬೇಕು. ವಿಂಡೋಸಿನಲ್ಲಿ ಈ ಒಪ್ಪಿಸುವ ಕೆಲಸಕ್ಕೆ ಮೊದಲಿನಿಂದಲೂ ವ್ಯವಸ್ಥೆ ಇತ್ತು. ಲಿನಕ್ಸಿನವರು ತಮ್ಮ ದಾರಿ ತಾವೇ ಕಂಡುಕೊಳ್ಳಬೇಕಾಯಿತು.

ಕಂಡುಕೊಂಡವರ ಕಥೆಗಳನ್ನು ಓದಿದರೆ ನನ್ನ ಕಪ್ಪು ಪರದೆ ಏನೇನೂ ಅಲ್ಲ. 2011ರಲ್ಲಿ ‘ಬಂಬಲ್‌ಬೀ’ ಎಂಬ ತಂಡ ಈ ಎರಡು ಕಾರ್ಡುಗಳನ್ನು ನಿಭಾಯಿಸಲೆಂದೇ ಒಂದು ತಂತ್ರಾಂಶ ಬರೆಯಿತು. ಹಳೆಯ ಫೈಲುಗಳನ್ನು ಅಳಿಸುವ ಒಂದು ಸಾಲಿನಲ್ಲಿ ‘ಯುಎಸ್‌ಆರ್’ ಆದ ಮೇಲೆ ಒಂದೇ ಒಂದು ಸ್ಪೇಸ್ ಹೆಚ್ಚಿಗೆ ಬಿದ್ದುಬಿಟ್ಟಿತ್ತು. ಒಳಗಿನ ಯಾವುದೋ ಸಣ್ಣ ಫೋಲ್ಡರನ್ನು ಅಳಿಸಬೇಕಾಗಿದ್ದ ಆ ಸಾಲು, ಹಾಕಿಕೊಂಡವರ ಕಂಪ್ಯೂಟರಿನಲ್ಲಿ ಪ್ರೋಗ್ರಾಮುಗಳಿರುವ ಇಡೀ ‘ಯುಎಸ್‌ಆರ್’ ಫೋಲ್ಡರನ್ನೇ ಗುಡಿಸಿ ಹಾಕಿತು. ಏನೂ ಇಲ್ಲದ ಜಾಗ ಎಲ್ಲವನ್ನೂ ಇಲ್ಲವಾಗಿಸಿತು. ಮರುವರ್ಷ, 2012ರ ಜೂನಿನಲ್ಲಿ, ಫಿನ್ಲೆಂಡಿನ ಆಲ್ಟೋ ವಿಶ್ವವಿದ್ಯಾಲಯದ ಸಂವಾದವೊಂದರಲ್ಲಿ ಇಂಥದೇ ಎರಡು ಕಾರ್ಡಿನ ಲ್ಯಾಪ್‌ಟಾಪ್ ಕೊಂಡಿದ್ದ ಹೆಣ್ಣುಮಗಳೊಬ್ಬಳು ಎದ್ದು ತನ್ನ ಕಷ್ಟ ಹೇಳಿಕೊಂಡಳು. ಉತ್ತರಿಸಬೇಕಾದವರು ಲಿನಕ್ಸಿನ ಜನಕ ಲಿನಸ್ ಟೊರ್ವಾಲ್ಡ್ಸ್. ಅವರು ಕಾರ್ಡಿನ ಕಂಪನಿಯನ್ನು ಬೈದದ್ದಷ್ಟೇ ಅಲ್ಲ, ಕ್ಯಾಮೆರಾದತ್ತ ತಿರುಗಿ ನಡುಬೆರಳನ್ನೂ ತೋರಿಸಿದರು. ಹತ್ತು ವರ್ಷದ ಮೇಲೆ, 2022ರ ಮೇ ತಿಂಗಳಲ್ಲಿ, ಅದೇ ಕಂಪನಿ ತನ್ನ ಡ್ರೈವರಿನ ಕರ್ನೆಲ್ ಭಾಗವನ್ನು ಎಲ್ಲರಿಗೂ ತೆರೆದಿಟ್ಟಿತು. ಕಾರ್ಡು 2018ರಿಂದೀಚಿನ ತಲೆಮಾರಿನದ್ದಾಗಿದ್ದರೆ ಅದರ ಲಾಭ ಸಿಗುತ್ತದೆ. ನನ್ನದು ಇಲ್ಲಿಯೂ ಒಂದು ತಲೆಮಾರು ಹಿಂದೆ.

ಕಪ್ಪು ಪರದೆಗೆ ಬರೋಣ. ಬಲ್ಲವರೊಬ್ಬರಿಗೆ ಫೋನು ಹಚ್ಚಿದೆ. ‘ನಂದ್ರಲ್ಲಿ ಏನೂ ತೊಂದ್ರೆ ಇಲ್ವಲ್ಲ’ ಎಂದರು. ಈ ಮಾತನ್ನು ಪರಿಹಾರವೆಂದು ತಿಳಿದಿರುವ ಜನ ಲೋಕದಲ್ಲಿ ಎಷ್ಟೊಂದಿದ್ದಾರೆ! ಇನ್ನೊಬ್ಬರು, ಉಬುಂಟು ಹಾಕಿದ್ದೇ ತಪ್ಪು, ಫೆಡೋರಾ ಹಾಕಬೇಕಿತ್ತು ಎಂದರು. ಫೆಡೋರಾ ಹಾಕಿದ್ದರೆ ಉಬುಂಟು ಎನ್ನುತ್ತಿದ್ದರು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಕಡೆಗೆ ಅಕ್ಕನ ಮಗನೇ, ಆಕಳಿಸುತ್ತ, ‘ಮಾವ, ಪರದೆ ಸತ್ತಿದ್ಯೋ, ಹಿಂದಿನ ಲೈಟ್ ಸತ್ತಿದ್ಯೋ ನೋಡಿ. ಟಾರ್ಚ್ ಬಿಟ್ಟು ನೋಡಿ’ ಎಂದ.

ರಾತ್ರಿ ಹನ್ನೊಂದು ಗಂಟೆ. ಟ್ಯೂಬ್‌ಲೈಟ್ ಹೊಳಪು ಬೀಳಬಾರದೆಂದು ದೀಪ ಆರಿಸಿದೆ. ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದೆ. ಆಳದ ಕೆರೆಯ ತಳದಿಂದೆಂಬಂತೆ ನನ್ನದೇ ಹೆಸರು ತೇಲಿ ಬಂತು! ಲಿನಕ್ಸ್ ಬದುಕಿತ್ತು. ಪಾಸ್‌ವರ್ಡ್ ಕೇಳುತ್ತ ಕತ್ತಲಲ್ಲಿ ಕೂತಿತ್ತು. ಹೆಂಡತಿಯನ್ನು ಎಬ್ಬಿಸಿದೆ, ಯಾಕೆಂದರೆ ಟೈಪಿಸಲು ಎರಡು ಕೈ ಬೇಕು, ಟಾರ್ಚಿಗೆ ಮೂರನೆಯದು.

‘ಎಡಗಡೆ ಮೇಲೆ ಹಿಡಿ. ಇನ್ನೂ ಓರೆ. ಅಲ್ಲೇನು ಬಂತು?’

‘ಒಂದು ಚುಕ್ಕಿ ಕಾಣ್ತಿದೆ ರೀ.’

‘ಚುಕ್ಕಿ ಬರಬಾರದಲ್ಲ! ಯಾವ ಜಾಗದಲ್ಲಿ?’

‘ಹಾರಿಹೋಯ್ತು. ಸೊಳ್ಳೆ.’

ಟರ್ಮಿನಲ್ ತೆರೆದದ್ದು ಅಂದಾಜಿನ ಮೇಲೆ. ಯಜಮಾನನ ಅಧಿಕಾರ ಕೇಳುವ ‘ಸೂಡೂ’ ಎಂಬ ಪದ ಬರೆದು, ಬೂಟ್ ಸೆಟ್ಟಿಂಗಿನ ಫೈಲು ತೆರೆಯುವ ಕಮಾಂಡ್ ಕೊಟ್ಟೆ. ಸೂಡೂ ಪಾಸ್‌ವರ್ಡ್ ಕೇಳುವಾಗ ಎಷ್ಟೇ ಟೈಪಿಸಿದರೂ ಪರದೆಯ ಮೇಲೆ ನಕ್ಷತ್ರವಿಲ್ಲ, ಚುಕ್ಕಿಯಿಲ್ಲ. ಬೆಳಕಿದ್ದಾಗಲೇ ಅದು ಕುರುಡು ಕೆಲಸ.

‘ಏನೂ ಬರ್ತಿಲ್ಲ ರೀ.’

‘ಬರಬಾರದು. ಅದೇ ಸರಿ.’

‘ಮತ್ತೆ ನಾನ್ಯಾಕೆ ಟಾರ್ಚ್ ಹಿಡಿದಿರೋದು?’

ನ್ಯಾಯವಾದ ಪ್ರಶ್ನೆ. ಆದರೆ ಆ ಹೊತ್ತಿಗೆ ಫೈಲು ತೆರೆದುಕೊಂಡಿತ್ತು. ಅದರಲ್ಲಿ ಒಂದು ಸಾಲನ್ನು ಹುಡುಕಿ, ಕೊನೆಯ ಉದ್ಧರಣ ಚಿಹ್ನೆಯ ಒಳಗೆ, ಹೊರಗೆ ಅಲ್ಲ, ಒಳಗೆ, ‘ಎಸಿಪಿಐ ಅಂಡರ್‌ಸ್ಕೋರ್ ಬ್ಯಾಕ್‌ಲೈಟ್ ಈಕ್ವಲ್ಸ್ ನೇಟಿವ್’ ಎಂದು ಸೇರಿಸಬೇಕಿತ್ತು. ಹಿಂಬದಿಯ ಬೆಳಕನ್ನು ಏರಿಸಿ ಇಳಿಸುವ ಅಧಿಕಾರ ಸಂಬಂಧವಿಲ್ಲದವರ ಕೈಗೆ ಹೋಗಿ, ಬೆಳಕು ಸೊನ್ನೆಯಲ್ಲಿ ನಿಂತಿತ್ತು. ನಾನು ಕೀಬೋರ್ಡಿನ ಸೂರ್ಯನ ಗುರುತನ್ನು ಎಷ್ಟು ಒತ್ತಿದರೂ ದೂರು ಆ ತಪ್ಪು ಕಚೇರಿಗೇ ಹೋಗುತ್ತಿತ್ತು. ಬಂಬಲ್‌ಬೀ ನೆನಪಾಗಿ ಸ್ಪೇಸ್ ಒತ್ತಲು ಕೈ ನಡುಗಿತು. ಹೆಂಡತಿ ಅಕ್ಷರದಿಂದ ಅಕ್ಷರಕ್ಕೆ ಟಾರ್ಚನ್ನು ಸರಿಸುತ್ತ, ಕೈ ಸೋತಾಗ ದುಂಡಗೆ ಸುತ್ತಿಸಿ ಸುಧಾರಿಸಿಕೊಳ್ಳುತ್ತ ನಿಂತಿದ್ದಳು. ಆ ಗಳಿಗೆಯಲ್ಲಿ ನೀರು ಕುಡಿಯಲು ಎದ್ದ ಅಮ್ಮ ಬಾಗಿಲಲ್ಲಿ ನಿಂತು, ಕತ್ತಲಲ್ಲಿ ಲ್ಯಾಪ್‌ಟಾಪಿನ ಮುಂದೆ ತಲೆಬಾಗಿ ಕೂತ ಮಗನನ್ನೂ ಎದುರಿಗೆ ದೀಪ ತಿರುಗಿಸುತ್ತಿದ್ದ ಸೊಸೆಯನ್ನೂ ನೋಡಿದಳು.

‘ಮಂಗಳಾರತಿ ಆಯ್ತೇನೋ? ಗಂಟೆ ಬಾರಿಸಲಾ?’

ಹೆಂಡತಿ ನಗು ತಡೆಯಲಾರದೆ ಟಾರ್ಚನ್ನು ಬೀಳಿಸಿದಳು. ಅದು ಮಂಚದಡಿಗೆ ಉರುಳಿತು. ಅಮ್ಮ ದೀಪ ಹಾಕಹೊರಟಾಗ ನಾನು ‘ಬೇಡಾ!’ ಎಂದು ಕಿರುಚಿದ ರಭಸಕ್ಕೆ ಪಕ್ಕದ ಮನೆಯ ನಾಯಿ ಎದ್ದಿತು. ಮಂಚದಡಿಯಿಂದ ಟಾರ್ಚನ್ನು ಎಳೆದು ತಂದು, ಸೇವ್ ಮಾಡಿ, ಅಪ್‌ಡೇಟ್ ಗ್ರಬ್ ಕೊಟ್ಟು, ರೀಸ್ಟಾರ್ಟ್ ಒತ್ತುವವರೆಗೆ ಆ ನಾಯಿ ಬೊಗಳುತ್ತಲೇ ಇತ್ತು.

ಬೆಳಕು ಬಂತು. ಪೂರಾ ಬಂತು. ಮೂವರ ಮುಖಕ್ಕೂ ಬಡಿಯುವಷ್ಟು ಬಂತು.

ಅಷ್ಟಕ್ಕೆ ಮಲಗಬಹುದಿತ್ತು. ಆದರೆ ಇಷ್ಟೆಲ್ಲ ಪಾಡು ಯಾರಿಗಾಗಿ ಪಟ್ಟದ್ದೋ ಆ ದೊಡ್ಡವನನ್ನು ಒಮ್ಮೆ ಮನೆಯವರಿಗೆ ತೋರಿಸದೆ ಹೇಗೆ? ಇದಕ್ಕೆಂದೇ ಲಿನಕ್ಸಿನಲ್ಲಿ ‘ಜಿಎಲ್‌ಎಕ್ಸ್ ಗೇರ್ಸ್’ ಎಂಬ ಪುಟ್ಟ ಪ್ರೋಗ್ರಾಮಿದೆ. ಕೆಂಪು, ಹಸಿರು, ನೀಲಿ ಬಣ್ಣದ ಮೂರು ಹಲ್ಲುಚಕ್ರಗಳು ಒಂದನ್ನೊಂದು ಕಚ್ಚಿಕೊಂಡು ತಿರುಗುತ್ತವೆ, ಸೆಕೆಂಡಿಗೆ ಎಷ್ಟು ಚಿತ್ರ ಎಂಬ ಲೆಕ್ಕ ಟರ್ಮಿನಲ್ಲಿನಲ್ಲಿ ಬರುತ್ತದೆ. ಮೊದಲು ಚಿಕ್ಕವನಿಂದ ಓಡಿಸಿದೆ. ಸೆಕೆಂಡಿಗೆ 60. ‘ಈಗ ನೋಡಿ’ ಎಂದು ದೊಡ್ಡವನನ್ನು ಎಬ್ಬಿಸಿದೆ. ಫ್ಯಾನು ಗುಂಯ್‌ಗುಟ್ಟಿತು, ಲ್ಯಾಪ್‌ಟಾಪಿನ ಪಕ್ಕೆಯಿಂದ ಬಿಸಿಗಾಳಿ ಹೊಮ್ಮಿತು, ಚಕ್ರಗಳು ತಿರುಗಿದವು. ಸೆಕೆಂಡಿಗೆ 60.

ಪರದೆಯೇ ಸೆಕೆಂಡಿಗೆ 60 ಸಲ ಮಾತ್ರ ಬದಲಾಗುವುದರಿಂದ, ಚಿತ್ರ ಬರೆಯುವವನು ಎಂಥ ಶೂರನಾದರೂ ಅದಕ್ಕೆ ಕಾದು ನಿಲ್ಲಬೇಕು ಎಂದು ವಿವರಿಸಿದೆ.

‘ಅಂದ್ರೆ ಫ್ಯಾನ್ ಸದ್ದು ಮಾತ್ರ ಹೆಚ್ಚಿಗೆ’ ಎಂದಳು ಹೆಂಡತಿ.

ಅಮ್ಮ ಹತ್ತಿರ ಬಂದು ಕನ್ನಡಕ ಸರಿಮಾಡಿಕೊಂಡು ಚಕ್ರಗಳನ್ನು ನೋಡಿದಳು. ‘ಏನಾದ್ರೂ ರುಬ್ಬುತ್ತೇನೋ ಇದು?’

‘ಇಲ್ಲಮ್ಮ. ಸುಮ್ನೆ ತಿರುಗುತ್ತೆ.’

‘ಹಾಗಿದ್ರೆ ಆರಿಸಪ್ಪ, ಫ್ರೀ ಕರೆಂಟಿನ ಇನ್ನೂರು ಯೂನಿಟ್ ದಾಟೀತು’ ಎಂದು ಲೋಟ ಹಿಡಿದು ಅಡುಗೆಮನೆಗೆ ಹೋದಳು.