ನೀವು ಸೈನ್ ಹಾಕಿದ್ರೆ ಸಾಕು ಸಾರ್

2024ರ ಕ್ಯಾಲೆಂಡರ್ ನನ್ನನ್ನು ಗುರಿಯಿಟ್ಟೇ ಹೊಡೆಯಿತು. ವಿಭೂತಿ ಬುಧವಾರ ಫೆಬ್ರವರಿ 14ಕ್ಕೆ ಬಿತ್ತು, ಪಾಸ್ಖ ಹಬ್ಬ ಮಾರ್ಚ್ 31ಕ್ಕೆ. ಒಂದು ಪ್ರೇಮಿಗಳ ದಿನ, ಇನ್ನೊಂದು ಲೆಕ್ಕ ಮುಗಿಸುವ ದಿನ. ನಾನು ಮಂಗಳೂರಿನ ಕ್ಯಾಥೊಲಿಕ, ಬೆಂಗಳೂರಿನ ಕಂಪನಿಯೊಂದರಲ್ಲಿ ಅಕೌಂಟ್ಸ್ ನೋಡುವವನು. ಮೊದಲನೆಯದರ ಭಯವೇನೂ ಇರಲಿಲ್ಲ.

ಬೆಳಗಿನ ಪೂಜೆ ಮುಗಿಸಿ, ಹಣೆಯ ಮೇಲೆ ಬೂದಿಯ ಶಿಲುಬೆ ಹೊತ್ತು ಆಫೀಸಿಗೆ ಹೋದರೆ, ಬಾಗಿಲಲ್ಲೇ ಎಚ್‌ಆರ್ ಹುಡುಗಿ ಎಲ್ಲರಿಗೂ ಒಂದೊಂದು ಕೆಂಪು ಗುಲಾಬಿ ಹಂಚುತ್ತಿದ್ದಳು. ನನಗೂ ಒಂದು ಕೊಟ್ಟು, ಹಣೆ ನೋಡಿ, "ಏನ್ ಸಾರ್, ನೀವೂ ವಿಭೂತಿ ಶುರು ಮಾಡಿದ್ರಾ?" ಎಂದಳು. "ಎಲ್ಲರೂ ಒಂದಿನ ಮಣ್ಣೇ ಅಂತ ನೆನಪಿಸೋ ಗುರುತಮ್ಮಾ" ಎಂದೆ. ಗುಲಾಬಿ ವಾಪಸು ಕೇಳಲಿಲ್ಲ, ಪುಣ್ಯ. ಸಂಜೆಯವರೆಗೂ ಲಿಫ್ಟಿನ ಕನ್ನಡಿಯಲ್ಲಿ ಆಗಾಗ ನೋಡಿಕೊಳ್ಳುತ್ತ ಆ ಬೂದಿ ಅಳಿಸದಂತೆ ಕಾಪಾಡಿದೆ. ಉಪವಾಸ ಮಾಡುವವರು ಮುಖ ತೊಳೆದುಕೊಂಡು ಯಾರಿಗೂ ಗೊತ್ತಾಗದ ಹಾಗೆ ಇರಬೇಕೆಂಬ ಭಾಗವನ್ನು ಅವತ್ತು ಬೆಳಿಗ್ಗೆಯೇ ಸುವಾರ್ತೆಯಲ್ಲಿ ಓದಿದ್ದರು. ಮೈಕು ಕರಕರ ಎನ್ನುತ್ತಿತ್ತು, ಸರಿಯಾಗಿ ಕೇಳಿಸಿರಲಿಲ್ಲ.

ತಪಸ್ಸುಕಾಲದುದ್ದಕ್ಕೂ ನನ್ನ ನಂಬಿಕೆ ಒಂದಿಂಚೂ ಅಲುಗಲಿಲ್ಲ. ಶುಕ್ರವಾರ ಕ್ಯಾಂಟೀನಿನ ಚಿಕನ್ ಮುಟ್ಟದೆ, ಅಂಜಲ್ ಫ್ರೈ ತಿಂದು ಇಂದ್ರಿಯನಿಗ್ರಹ ಮಾಡಿದೆ. ಮೇಜಿನ ಮೇಲೆ ಸಂತ ಮತ್ತಾಯನ ಪಟ ಇದೆ, ನಮ್ಮಂಥ ಲೆಕ್ಕದವರ ಪಾಲಕ ಸಂತ. ಕಫೆರ್ನೌಮಿನ ಸುಂಕದ ಕಟ್ಟೆಯಲ್ಲಿ ಕೂತು ವಸೂಲಿ ಮಾಡುತ್ತಿದ್ದವನು ಯೇಸು ಕರೆದ ಕೂಡಲೇ ಎದ್ದು ಹೊರಟೇಬಿಟ್ಟ. ಪಾಪ, ಅವನಿಗೆ 90 ದಿನದ ನೋಟಿಸ್ ಪೀರಿಯಡ್ ಇರಲಿಲ್ಲ, ಯಲಹಂಕದ ಫ್ಲ್ಯಾಟಿನ ಕಂತೂ ಇರಲಿಲ್ಲ.

ಮಾರ್ಚ್ 28, ಪವಿತ್ರ ಗುರುವಾರ. ನನಗಿಂತ 12 ವರ್ಷ ಚಿಕ್ಕವರಾದ ಮ್ಯಾನೇಜರು ಕುರ್ಚಿ ಎಳೆದುಕೊಂಡು ಕೂತರು. "ಟಾರ್ಗೆಟ್‌ಗೆ 18 ಲಕ್ಷ ಕಮ್ಮಿ ಬೀಳ್ತಿದೆ. ಒಂದು ಬಿಲ್ ಹಾಕ್ಬಿಡೋಣ. ಮಾಲು ಗೋಡೌನಲ್ಲೇ ಇರ್ಲಿ, ಏಪ್ರಿಲಲ್ಲಿ ಕ್ರೆಡಿಟ್ ನೋಟ್ ಕೊಟ್ರಾಯ್ತು."

ಹೌದಾದರೆ ಹೌದು, ಇಲ್ಲವಾದರೆ ಇಲ್ಲ ಎನ್ನಬೇಕೆಂದು ನಮಗೆ ಚಿಕ್ಕಂದಿನಿಂದ ಕಲಿಸಿದ್ದಾರೆ. ಕನ್ನಡದಲ್ಲಿ ಇವೆರಡರ ನಡುವೆ ಇನ್ನೊಂದು ಮಾತಿದೆ. "ನೋಡೋಣ" ಎಂದೆ.

ಅವರು ಹೆಗಲ ಮೇಲೆ ಕೈಯಿಟ್ಟರು. "ನೀವು ಸೈನ್ ಹಾಕಿದ್ರೆ ಸಾಕು ಸಾರ್. ಆಡಿಟರೇ ಹೇಳ್ತಾರೆ, ಅವರು ಕ್ರಿಶ್ಚಿಯನ್ನು, ಸುಳ್ಳು ಲೆಕ್ಕ ಬರೆಯೋ ಜನ ಅಲ್ಲ ಅಂತ. ಅಂದ್ಹಾಗೆ ನಾಳೆ ನಿಮ್ಮ ಹಬ್ಬ ಅಲ್ವಾ? ಹ್ಯಾಪಿ ಗುಡ್ ಫ್ರೈಡೇ!"

ನನ್ನ ಅಜ್ಜ ಅಂಗಡಿಯ ತಕ್ಕಡಿಯಲ್ಲಿ ಕಾಳು ಕಾಳು ಕೂಡಿಟ್ಟ ಹೆಸರು ಕೊನೆಗೂ ಕಂಪನಿಯ ಉಪಯೋಗಕ್ಕೆ ಬಂತು. 50,000 ರೂಪಾಯಿ ದಾಟಿದ ಸರಕಿಗೆ ಇ-ವೇ ಬಿಲ್ ಬೇಕು, ಅದಕ್ಕೆ ಲಾರಿ ನಂಬರು ಬೇಕು. ಬಾರದ ಲಾರಿಗೆ ನಂಬರು ಎಲ್ಲಿಂದ ತರಲಿ? ಹಿಂದಿನ ವಾರ ಬಂದಿದ್ದ ಲಾರಿಯದ್ದೇ ಹಾಕಿದೆ. ಬಟನ್ ಒತ್ತುವ ಮುಂಚೆ ಮತ್ತಾಯನ ಪಟವನ್ನು ಗೋಡೆಯ ಕಡೆ ತಿರುಗಿಸಿದೆ. ಗಾಜಿನಿಂದ ಟ್ಯೂಬ್‌ಲೈಟು ಕಣ್ಣಿಗೆ ಹೊಡೆಯುತ್ತಿತ್ತು, ಬೇರೇನಲ್ಲ.

ನಮ್ಮೂರಲ್ಲಿ ಇನ್ನೊಂದು ಥರದ ಜನವೂ ಇದ್ದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್, ತನ್ನನ್ನು ಸೇರಿದ ಬಿಲ್ಲವರಿಗೆ ಶೇಂದಿ ತೆಗೆಯುವ ಕಸುಬು ಬಿಡಿ ಎಂದಿತು. ಬಿಟ್ಟರು. ಮರವೂ ಹೋಯಿತು, ಗಂಜಿಯೂ ಹೋಯಿತು, ನೆಂಟರೂ ಹೋದರು. ಅಂಥವರ ಹೊಟ್ಟೆಗೊಂದು ದಾರಿಯಾಗಲೆಂದು ಮಿಶನ್ನು ಮಗ್ಗ ಹಾಕಿತು, 1865ರಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಮೊದಲು ನಂಬಿಕೆ, ಆಮೇಲೆ ಅದಕ್ಕೆ ಒಗ್ಗುವ ಕೆಲಸ. ಇರಲಿ, ಅವರು ಪ್ರಾಟೆಸ್ಟೆಂಟರು. ನಮಗೂ ಅವರಿಗೂ ಅಷ್ಟಕ್ಕಷ್ಟೆ. ನಾನು ಅವರ ಹಂಚಿನ ಮಾಡಿನಡಿ ಹುಟ್ಟಿ ಬೆಳೆದೆ, ಅಷ್ಟೇ ಸಂಬಂಧ.

ಗುಡ್ ಫ್ರೈಡೇ ಬೆಳಿಗ್ಗೆ ಪಾಪನಿವೇದನೆಗೆ ಸಾಲಿನಲ್ಲಿ ನಿಂತೆ. ಯಾರದೋ ಬರ್ತ್‌ಡೇಗೆ ತಂದ ಪಫ್‌ನಲ್ಲಿ ಚಿಕನ್ ಇರುವುದು ತಿಳಿಯದೆ ಶುಕ್ರವಾರದಂದು ಎರಡು ತುತ್ತು ತಿಂದದ್ದನ್ನು ಗದ್ಗದಿತನಾಗಿ ಒಪ್ಪಿಕೊಂಡೆ. "ಇನ್ನೇನಾದರೂ ಇದೆಯಾ ಮಗಾ?" ಎಂದು ಫಾದರ್ ಕೇಳಿದರು. ಇತ್ತು. ಆದರೆ ಕಂಪನಿಯ ವ್ಯವಹಾರವನ್ನು ಹೊರಗಿನವರಿಗೆ ಹೇಳುವುದಿಲ್ಲವೆಂಬ ಒಪ್ಪಂದಕ್ಕೆ ಕೆಲಸಕ್ಕೆ ಸೇರಿದ ದಿನವೇ ಸಹಿ ಹಾಕಿದ್ದೇನೆ. ಕೊಟ್ಟ ಮಾತಿಗೆ ತಪ್ಪುವುದು ಕ್ರೈಸ್ತನಿಗೆ ಶೋಭೆಯಲ್ಲ.

ಭಾನುವಾರ ಸರ್ಕಾರಿ ವ್ಯವಹಾರಕ್ಕಾಗಿ ರಿಸರ್ವ್ ಬ್ಯಾಂಕೇ ಬ್ಯಾಂಕುಗಳ ಬಾಗಿಲು ತೆರೆಸಿತ್ತು. ನಾನೂ ಪಾಸ್ಖದ ಪೂಜೆ ಮುಗಿಸಿ ಆಫೀಸಿಗೆ ಹೋದೆ. ಏಪ್ರಿಲ್ 3ಕ್ಕೆ ಕ್ರೆಡಿಟ್ ನೋಟ್ ಹೊರಟಿತು. ಎಲ್ಲಿಗೂ ಹೋಗದಿದ್ದ ಮಾಲು ಮೂರನೆಯ ದಿನ ಹಿಂದಿರುಗಿ ಬಂತು.

ಜೂನ್‌ನಲ್ಲಿ ಆಡಿಟರು ಬಂದರು. ಆ ಬಿಲ್ಲಿನ ಹತ್ತಿರ ಬೆರಳು ಒಂದು ಕ್ಷಣ ನಿಂತಿತು. ಕೆಳಗೆ ನನ್ನ ಸಹಿ ಕಂಡಿತು, ಪುಟ ಮಗುಚಿದರು. ಹೊರಡುವಾಗ, "ಕ್ರಿಸ್ಮಸ್‌ಗೆ ನಿಮ್ಮ ಕುಸ್ವಾರ್ ಮರೀಬೇಡಿ" ಎಂದರು. ಮರೆಯಲಿಲ್ಲ. ಡಿಸೆಂಬರ್‌ನಲ್ಲಿ ನೆವ್ರಿ, ಕುಲ್‌ಕುಲ್, ಗುಳಿಯೊ ತುಂಬಿದ ಎರಡು ಡಬ್ಬಿ ಕಳಿಸಿ, ಖರ್ಚನ್ನು ಸ್ಟೇಷನರಿ ಖಾತೆಗೆ ಬರೆದೆ.