ಕೊಂಡೂ ಕೊಳ್ಳದಿರುವಿಕೆ: ಒಂದು ತಾತ್ವಿಕ ಅನುಸಂಧಾನ

ಪ್ರಸ್ತಾವನೆ

ವಿಡಿಯೋ ಗೇಮ್ ಉದ್ಯಮವನ್ನು ಜಾಗತೀಕರಣೋತ್ತರ ಸಾಂಸ್ಕೃತಿಕ ಪಲ್ಲಟಗಳ ನೆಲೆಯಲ್ಲಿ ಮುಖಾಮುಖಿಯಾಗಿಸಿಕೊಂಡು, ಆಟಗಾರ ಪ್ರಜ್ಞೆಯ ಆರ್ಥಿಕ ಆಯಾಮಗಳನ್ನು ಸಮಗ್ರವಾಗಿ ಪರಾಮರ್ಶಿಸುವ ಪ್ರಯತ್ನ ಕನ್ನಡದಲ್ಲಿ ಸಾಕಷ್ಟು ನಡೆದಿಲ್ಲವೆಂಬುದು ವಿಷಾದನೀಯ. ಆ ಕೊರತೆಯನ್ನು ತುಂಬಿಕೊಡುವುದೇ ಪ್ರಸ್ತುತ ಪ್ರಬಂಧದ ಘನ ಉದ್ದೇಶ. ಅಧ್ಯಯನದ ವ್ಯಾಪ್ತಿ: ಸಂಬಳ ಬಂದ ದಿನದಿಂದ ಕ್ರೆಡಿಟ್ ಕಾರ್ಡ್ ಬಿಲ್ ಬರುವ ದಿನದವರೆಗೆ. ಅಧ್ಯಯನದ ಮಿತಿ: ಮನೆಯಲ್ಲಿ ವೈಫೈ ಆಫ್ ಮಾಡುವ ಹೊತ್ತು. ಆಕರ ಸಾಮಗ್ರಿ: ಕಂಪನಿಗಳು ಷೇರುದಾರರಿಗೆ ಹೇಳುವ ಮಾತು, ನಮಗೆ ಹೇಳುವ ಮಾತು, ಹಾಗೂ ಇವೆರಡೂ ಒಂದೇ ಬಾಯಿಂದ ಬರುವ ವಿಸ್ಮಯ.

ಪ್ರಮೇಯ

ಹಣ ಕೊಟ್ಟವನಿಗೆ ವಸ್ತು ಸೇರಬೇಕು ಎಂಬ ಪ್ರಾಚೀನ ಮೂಢನಂಬಿಕೆಯೊಂದು ಸಂತೆಗಳಲ್ಲಿ, ಕಿರಾಣಿ ಅಂಗಡಿಗಳಲ್ಲಿ ಈಗಲೂ ಆಚರಣೆಯಲ್ಲಿದೆ. ಗೇಮ್ ಉದ್ಯಮದ ವಿದ್ವತ್ ವಲಯ ಇದನ್ನು ಎಂದೋ ಕೈಬಿಟ್ಟಿದೆ. ಹಣ ಕೊಡುವುದು ಒಂದು ಕ್ರಿಯೆ, ವಸ್ತು ಸಿಗುವುದು ಬೇರೊಂದು. ಇವೆರಡರ ನಡುವೆ ಕಾರ್ಯಕಾರಣ ಸಂಬಂಧ ಕಲ್ಪಿಸುವುದು ಅವಿದ್ಯೆ. ಈ ಅವಿದ್ಯೆಯ ನಿವಾರಣೆಗಾಗಿ ಖರೀದಿಯನ್ನು ಐದು ವಿಧವಾಗಿ ವಿಂಗಡಿಸಲಾಗಿದೆ: ಆಭರಣಕ್ರಯ, ದೈವಾಧೀನಕ್ರಯ, ಕ್ಷಣಭಂಗುರಕ್ರಯ, ಪರೋಕ್ಷಕ್ರಯ ಮತ್ತು ನಿರ್ಗುಣಕ್ರಯ. ಪ್ರತಿಯೊಂದಕ್ಕೂ ಏಳು ಉಪಭೇದಗಳಿದ್ದು, ಅವನ್ನು ಪ್ರತ್ಯೇಕವಾಗಿ ಮಾರಾಟಕ್ಕಿಡಲಾಗುವುದು.

1. ಆಭರಣಕ್ರಯ

2006ರ ಏಪ್ರಿಲ್‌ನಲ್ಲಿ ಬೆಥೆಸ್ಡಾ ಕಂಪನಿ ತನ್ನ 'ಆಬ್ಲಿವಿಯನ್' ಆಟದ ಕುದುರೆಗೊಂದು ಕವಚ ಮಾಡಿ ಎರಡೂವರೆ ಡಾಲರಿಗೆ ಮಾರಿತು. ಜನ ಬಿದ್ದು ಬಿದ್ದು ನಕ್ಕರು. ಕೊಂಡವರೂ ನಗುತ್ತಲೇ ಕೊಂಡರು. ಉದ್ಯಮ ನಕ್ಕವರ ತಲೆ ಎಣಿಸಲಿಲ್ಲ, ಕೊಂಡವರ ತಲೆ ಎಣಿಸಿತು. ಈ ಶಾಸ್ತ್ರದ ಮಹಾವಾಕ್ಯ ಇಷ್ಟೇ, ಮುಂದಿನದೆಲ್ಲ ಭಾಷ್ಯ.

2. ದೈವಾಧೀನಕ್ರಯ

ಏನು ಕೊಳ್ಳುತ್ತಿದ್ದೇವೆಂದು ಕೊಂಡ ಮೇಲೆ ತಿಳಿಯುವ ಖರೀದಿಗೆ ದೈವಾಧೀನಕ್ರಯವೆಂದು ಹೆಸರು. ಉದಾಹರಣೆಗೆ, ಬಿಜಿಎಂಐ ಎಂಬ ಮೊಬೈಲ್ ಆಟ ಆಡುವ ನಮ್ಮ ಬೀದಿಯ ಪಿಯುಸಿ ಹುಡುಗನಿಗೆ ತನ್ನ ಎಂ416 ಬಂದೂಕಿಗೆ 'ಗ್ಲೇಸಿಯರ್' ಸ್ಕಿನ್ ಬೇಕು. ಅದು ಅಂಗಡಿಯಲ್ಲಿ ನೇರವಾಗಿ ಸಿಗುವುದಿಲ್ಲ, ಮುಚ್ಚಿದ ಪೆಟ್ಟಿಗೆಯಾದ ಕ್ರೇಟ್‌ನಲ್ಲಿ ಬರಬೇಕು. ಅಪ್ಪನ ಫೋನ್‌ಪೇಯಿಂದ ಆಟದ ನಾಣ್ಯವಾದ ಯೂಸಿ ಹಾಕಿಸಿಕೊಳ್ಳುತ್ತಾನೆ. ಗೆಳೆಯರು ಮೊಬೈಲ್ ಮೇಲೆ ಬಗ್ಗುತ್ತಾರೆ. ಒಬ್ಬ ಕಣ್ಣು ಮುಚ್ಚಿಕೊಳ್ಳುತ್ತಾನೆ, ಇನ್ನೊಬ್ಬ ತನ್ನ ಕೈ ಅದೃಷ್ಟದ್ದೆಂದು ಹೇಳಿ ತಾನೇ ಒತ್ತುತ್ತಾನೆ. ಪೆಟ್ಟಿಗೆ ತೆರೆಯುತ್ತದೆ, ಬೆಳಕು ಚಿಮ್ಮುತ್ತದೆ, ಒಂದು ಟೋಪಿ ಬರುತ್ತದೆ. ಆ ಟೋಪಿ ಅವನ ಹತ್ತಿರ ಆಗಲೇ ಇದೆ. ಹೀಗೆ ಒಬ್ಬನಿಗೇ ಎರಡೆರಡು ಸಲ ಟೋಪಿ ಹಾಕುವುದು ಈ ಕ್ರಯದ ಪ್ರಧಾನ ಲಕ್ಷಣ.

ಇದರ ಶಾಸ್ತ್ರೀಯ ರೂಪ ಕಂಡುಬಂದದ್ದು 2017ರ ನವೆಂಬರ್‌ನಲ್ಲಿ, ಇಎ ಕಂಪನಿಯ 'ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2' ಆಟದಲ್ಲಿ. ಪೂರ್ತಿ ದುಡ್ಡು ಕೊಟ್ಟು ಆಟ ಕೊಂಡವನಿಗೂ ಖಳನಾಯಕ ಡಾರ್ತ್ ವೇಡರ್ ಬೀಗದ ಹಿಂದೆಯೇ ಇದ್ದ. ಅವನನ್ನು ಬಿಡಿಸಲು 60,000 ಕ್ರೆಡಿಟ್ ಬೇಕು; ಅಷ್ಟು ಗಳಿಸಲು ಸುಮಾರು 40 ಗಂಟೆ ಆಡಬೇಕು ಎಂದು ಆಟಗಾರರೇ ಲೆಕ್ಕ ಹಾಕಿದರು. ಕಷ್ಟಪಟ್ಟು ಬಿಡಿಸಿದರೆ ಸಾಧನೆಯ ಹೆಮ್ಮೆ ಸಿಗುತ್ತದಲ್ಲ ಎಂದು ಕಂಪನಿ ಸಮಜಾಯಿಷಿ ಕೊಟ್ಟಿತು. ಅಂತರ್ಜಾಲದಲ್ಲಿ ಆ ಸಮಜಾಯಿಷಿಗೆ ಆರು ಲಕ್ಷಕ್ಕೂ ಮೀರಿ ಡೌನ್‌ವೋಟ್ ಬಿದ್ದು ದಾಖಲೆಯಾಯಿತು. ಹೆಮ್ಮೆಪಡಬೇಕಾದ ಸಾಧನೆಯೇ. 2018ರ ಏಪ್ರಿಲ್‌ನಲ್ಲಿ ಬೆಲ್ಜಿಯಂ, ದುಡ್ಡು ಕೊಟ್ಟು ಅದೃಷ್ಟ ನೋಡುವ ಇಂಥ ಪೆಟ್ಟಿಗೆಗಳನ್ನು ಜೂಜು ಎಂದು ಘೋಷಿಸಿತು. ಮರುವರ್ಷ ಬ್ರಿಟನ್ನಿನ ಸಂಸದೀಯ ಸಮಿತಿಯೆದುರು ಅದೇ ಕಂಪನಿಯ ಪ್ರತಿನಿಧಿ ಇವು ಅಚ್ಚರಿಯ ತಂತ್ರಗಳಷ್ಟೇ, ಮಕ್ಕಳ ಕಿಂಡರ್ ಮೊಟ್ಟೆಯ ಹಾಗೆ, ನೈತಿಕವಾಗಿಯೇ ಇವೆ ಎಂದು ವಾದಿಸಿದರು. ಜಾತ್ರೆಯಲ್ಲಿ ರಿಂಗ್ ಎಸೆಯುವ ಆಟ ಇಟ್ಟವನು ಕೂಡ ಸೋಪಿನ ಡಬ್ಬಿಯನ್ನು ಕಣ್ಣೆದುರಿಗೇ ಇಟ್ಟಿರುತ್ತಾನೆ, ಸ್ವಾಮಿ.

(ನಮ್ಮಲ್ಲಿ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು ನಿಷೇಧಿಸಿತು. ಹಣ ಕಟ್ಟಿ ಟೋಪಿ ಗೆಲ್ಲುವ ಹುಡುಗ ಮಾತ್ರ ಇನ್ನೂ ಕ್ರೇಟ್ ತೆರೆಯುತ್ತಲೇ ಇದ್ದಾನೆ.)

3. ಕ್ಷಣಭಂಗುರಕ್ರಯ

ಬೌದ್ಧರ ಕ್ಷಣಿಕವಾದಕ್ಕೆ ಸೋನಿ ಕಂಪನಿ ನೀಡಿದ ಕೊಡುಗೆಯನ್ನು ಇಲ್ಲಿ ಸ್ಮರಿಸಬೇಕು. 'ಕಾನ್‌ಕಾರ್ಡ್' ಎಂಬ 40 ಡಾಲರಿನ ಆಟ 2024ರ ಆಗಸ್ಟ್ 23ರಂದು ಹುಟ್ಟಿ ಸೆಪ್ಟೆಂಬರ್ 6ರಂದು ತೀರಿಕೊಂಡಿತು. ಮಾಡಿದ ಸ್ಟುಡಿಯೋವನ್ನು ಅಕ್ಟೋಬರ್‌ನಲ್ಲಿ ಮುಚ್ಚಿದರು. ಆದರೂ ಸೋನಿ ಕೊಂಡವರ ಹಣ ಹಿಂತಿರುಗಿಸಿತು. ಅಷ್ಟರಮಟ್ಟಿಗೆ ಇದು ಶಾಸ್ತ್ರಕ್ಕೆ ಅಪವಾದ. ಶಾಸ್ತ್ರಬದ್ಧ ಉದಾಹರಣೆ ಬೇಕೆಂದರೆ ಯೂಬಿಸಾಫ್ಟ್‌ನ 'ದಿ ಕ್ರೂ' ಇದೆ. 2014ರ ಡಿಸೆಂಬರ್‌ನಲ್ಲಿ ಬಂದ ಕಾರ್ ರೇಸಿನ ಆಟ. ಇಡೀ ಅಮೆರಿಕವನ್ನು ಕುಗ್ಗಿಸಿ ಒಂದೇ ನಕ್ಷೆಯಲ್ಲಿಟ್ಟಿದ್ದರು. ಒಂದು ಕಡಲತೀರದಲ್ಲಿ ಗಾಡಿ ಹತ್ತಿದರೆ ಇನ್ನೊಂದು ಕಡಲತೀರದ ತನಕ ಎಲ್ಲೂ ನಿಲ್ಲಿಸದೆ ಓಡಿಸಬಹುದಿತ್ತು. ಒಬ್ಬನೇ ಕೂತು ಕಥೆ ಆಡುವುದಕ್ಕೂ ಸರ್ವರ್ ಸಂಪರ್ಕ ಬೇಕೇ ಬೇಕು ಎಂದು ಕಟ್ಟಿದ್ದರು. 2024ರ ಮಾರ್ಚ್ 31ರಂದು ಸರ್ವರ್ ಆರಿಸಿದರು. ಮುಗಿಯಿತು. ಆಮೇಲೆ ಕೊಂಡವರ ಖಾತೆಯಿಂದ ಪರವಾನಗಿಯನ್ನೇ ತೆಗೆದುಹಾಕಿದರು. ಡಿಸ್ಕ್ ಕೊಂಡು ಕಪಾಟಿನಲ್ಲಿ ಜೋಪಾನವಾಗಿ ಇಟ್ಟುಕೊಂಡವರಿಗೂ ಆಟ ಇಲ್ಲ.

ಇನ್ನು ಪರೋಕ್ಷಕ್ರಯ ಮತ್ತು ನಿರ್ಗುಣಕ್ರಯಗಳ ವಿವೇಚನೆ ಆಗಬೇಕಿತ್ತು. ಬೇಡ, ಬಿಡಿ. ಇಷ್ಟಾದ ಮೇಲೆ ಕೂತು ಉಪಭೇದ ಎಣಿಸುವ ತಾಳ್ಮೆ ನನಗಿಲ್ಲ.

'ದಿ ಕ್ರೂ' ಸರ್ವರ್ ಆರಿಸುವ ಸುಮಾರು ಎರಡೂವರೆ ತಿಂಗಳ ಮುಂಚೆ ಇದೇ ಯೂಬಿಸಾಫ್ಟ್ ಕಂಪನಿಯ ಚಂದಾ ವಿಭಾಗದ ಮುಖ್ಯಸ್ಥರು, ಆಟ ತಮ್ಮದಲ್ಲ ಎಂಬುದಕ್ಕೆ ಆಟಗಾರರು ಒಗ್ಗಿಕೊಳ್ಳಬೇಕು ಎಂಬರ್ಥದ ಮಾತಾಡಿದ್ದರು. ಯಾಕೆ ಒಗ್ಗಿಕೊಳ್ಳಬೇಕು? ಮೆಜೆಸ್ಟಿಕ್ಕಿನ ನ್ಯಾಷನಲ್ ಮಾರ್ಕೆಟ್ಟಿನಲ್ಲಿ, ಮೇಲೆ ಮಾರ್ಕರ್ ಪೆನ್ನಿನಲ್ಲಿ ಹೆಸರು ಗೀಚಿ ಕೊಟ್ಟ ಕಳ್ಳ ಸೀಡಿಯ 'ರೋಡ್ ರ‍್ಯಾಷ್' ಹಳೇ ಕಂಪ್ಯೂಟರಿನಲ್ಲಿ ಇವತ್ತಿಗೂ ಓಡುತ್ತದೆ. ಕದ್ದ ಮಾಲು ಉಳಿಯಿತು, ತೆರಿಗೆ ಸಮೇತ ದುಡ್ಡು ಕೊಟ್ಟು ಕೊಂಡದ್ದು ಹೋಯಿತು. ಪ್ರಾಮಾಣಿಕ ಗಿರಾಕಿಗೆ ಇದಕ್ಕಿಂತ ದೊಡ್ಡ ಅವಮಾನ ಇದೆಯೇ? ಕಡೆಗೆ ಕ್ಯಾಲಿಫೋರ್ನಿಯಾದವರು ಕಾನೂನು ತಂದು, ಕೊಡುತ್ತಿರುವುದು ಬರೀ ಪರವಾನಗಿ ಎಂದು ಮೊದಲೇ ಹೇಳಿ ಮಾರಿ ಎಂದರು. ಆ ಕಾನೂನು ಜಾರಿಗೆ ಬರುವ ಮೊದಲೇ, 2024ರ ಅಕ್ಟೋಬರ್‌ನಲ್ಲಿ ಆಟಗಳನ್ನು ಮಾರುವ ಸ್ಟೀಮ್ ಅಂಗಡಿಯವರು ಹಣ ಕಟ್ಟುವ ಪುಟದಲ್ಲಿ ಅಷ್ಟನ್ನು ಬರೆದರು. ಅಂದರೆ ಅಷ್ಟು ವರ್ಷ ಅದನ್ನು ಎದುರಿಗೆ ಹೇಳಿರಲಿಲ್ಲ.

ಆಡುವವರ ಪಾಡು ಹೀಗಾದರೆ ಮಾಡುವವರದ್ದು ಇನ್ನೂ ಕಷ್ಟ. 68.7 ಬಿಲಿಯನ್ ಡಾಲರ್ ಕೊಟ್ಟು ಆಕ್ಟಿವಿಷನ್ ಬ್ಲಿಝಾರ್ಡ್ ಕೊಂಡ ಮೈಕ್ರೋಸಾಫ್ಟ್, ಕೊಂಡ ಮೂರೇ ತಿಂಗಳಿಗೆ ಗೇಮಿಂಗ್ ವಿಭಾಗದಿಂದ 1,900 ಜನರನ್ನು ಮನೆಗೆ ಕಳಿಸಿತು. 'ಹೈ-ಫೈ ರಷ್' ಆಟ ಮಾಡಿದ, ಅದೇ ಮೈಕ್ರೋಸಾಫ್ಟ್ ಒಡೆತನದ ಜಪಾನಿನ ಟ್ಯಾಂಗೋ ಸ್ಟುಡಿಯೋಗೆ 2024ರ ಏಪ್ರಿಲ್‌ನಲ್ಲಿ ಅನಿಮೇಷನ್ನಿಗಾಗಿ ಬಾಫ್ಟಾ ಪ್ರಶಸ್ತಿ ಬಂತು, ಮೇ ತಿಂಗಳಲ್ಲಿ ಬಾಗಿಲು ಮುಚ್ಚುವ ನೋಟಿಸೂ ಬಂತು. (ಆಮೇಲೆ ಅವರನ್ನು ಎತ್ತಿಕೊಂಡದ್ದು ಬಿಜಿಎಂಐ ನಡೆಸುವ ಕ್ರಾಫ್ಟನ್ ಕಂಪನಿ. ಟೋಪಿಯ ದುಡ್ಡು ಒಂದು ಒಳ್ಳೆಯ ಕೆಲಸಕ್ಕಂತೂ ಒದಗಿತು.) ಬೆಂಗಳೂರಿಗೆ ಇದು ದೂರದ ಸುದ್ದಿಯಲ್ಲ. 1997ರಲ್ಲಿ ಧ್ರುವ ಇಂಟರಾಕ್ಟಿವ್ ಶುರುವಾದಾಗಿನಿಂದ ಪರದೇಶದ ಆಟಗಳಿಗೆ ಕಾರು, ಕಟ್ಟಡ, ಮರ, ಮುಖಗಳನ್ನು ಇಲ್ಲಿನ ಹುಡುಗ ಹುಡುಗಿಯರು ರಾತ್ರಿ ಕೂತು ಮಾಡಿಕೊಟ್ಟಿದ್ದಾರೆ. 2025ರ ಫೆಬ್ರುವರಿಯಲ್ಲಿ ಇಂಥದೇ ಕೆಲಸ ಮಾಡಿಸುತ್ತಿದ್ದ ಟೆಕ್ನಿಕಲರ್ ಸಮೂಹ ಮುಳುಗಿದಾಗ ಬೆಂಗಳೂರಿನ ಕಚೇರಿಗೂ ಬೀಗ ಬಿತ್ತು.

ಬೇರೆ ದಾರಿಯೇ ಇಲ್ಲ ಅನ್ನುವವರು 'ಸ್ಟಾರ್‌ಡ್ಯೂ ವ್ಯಾಲಿ'ಯನ್ನು ನೋಡಲಿ. ಎರಿಕ್ ಬರೋನ್ ಒಬ್ಬನೇ ಕೂತು ಮಾಡಿ 2016ರಲ್ಲಿ ಬಿಟ್ಟ ಆಟ. ನಾಲ್ಕು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ, ಅಪ್‌ಡೇಟ್‌ಗಳೆಲ್ಲ ಪುಕ್ಕಟೆ, ನೆಟ್ ಇಲ್ಲದಿದ್ದರೂ ಬೆಳೆ ಬರುತ್ತದೆ.

'ದಿ ಕ್ರೂ' ಸತ್ತ ಸಿಟ್ಟಿಗೆ ರಾಸ್ ಸ್ಕಾಟ್ ಎಂಬಾತ ಶುರುಮಾಡಿದ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿಗೆ ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಕೇಳಿದ್ದು ಇಷ್ಟೇ: ಅಂಗಡಿ ಮುಚ್ಚುವಾಗ, ಕೊಂಡವರು ತಮ್ಮ ಪಾಡಿಗೆ ಆಡಿಕೊಳ್ಳುವಂತೆ ಬಿಟ್ಟುಹೋಗಿ. ಹಾಗೆ ಮಾಡಿದರೆ ಇಂಥ ಆಟಗಳನ್ನು ಮಾಡುವ ಖರ್ಚು ಕೈಮೀರುತ್ತದೆ ಎಂದು ಉದ್ಯಮದ ಸಂಘ ಉತ್ತರ ಕೊಟ್ಟಿತು. ಆದರೆ 2025ರಲ್ಲಿ, ಬೈಗುಳ ತಿಂದ ಯೂಬಿಸಾಫ್ಟ್ 'ದಿ ಕ್ರೂ 2' ಆಟಕ್ಕೆ ಆಫ್‌ಲೈನ್ ಮೋಡ್ ಕೊಟ್ಟಿತು. ಕಂಪನಿಯೇನೂ ಮುಳುಗಲಿಲ್ಲ, ಆಟ ಓಡುತ್ತಿದೆ. ಮನಸ್ಸಿದ್ದರೆ ಆಗುವ ಕೆಲಸ ಇದು. ಮುಂದಿನ ಸಲ ದುಡ್ಡು ಕಟ್ಟುವ ಮೊದಲು, ನೆಟ್ ತೆಗೆದರೆ ಈ ಆಟ ನಡೆಯುತ್ತದೆಯೇ ಎಂದು ವಿಚಾರಿಸಿ. ಇಲ್ಲವೆಂದರೆ ಬಾಡಿಗೆಯ ರೇಟಿಗಿಂತ ಒಂದು ರೂಪಾಯಿ ಹೆಚ್ಚು ಕೊಡಬೇಡಿ.