ಸಿನಿಮ್ಯಾಟಿಕ್ ಐತ್ರಿ ಕಾಕಾ!

ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಯಾವ ಮದುವೆಗೆ ಹೋದರೂ ಅವನು ಇರುತ್ತಾನೆ. ಕರಿ ಟೀ ಶರ್ಟು, ಎರಡು ಹೆಗಲಿಗೂ ಕ್ಯಾಮೆರಾ, ಬೆನ್ನಿಗೆ ಲ್ಯಾಪ್‌ಟಾಪು. ತಾಳಿ ಕಟ್ಟುವ ಹೊತ್ತಿನಲ್ಲಿ ‘ಒಂದ್ನಿಮಿಷ ತಡೀರಿ ಅಯ್ನೋರ, ಇನ್ನೊಮ್ಮೆ’ ಎನ್ನುವ ಧೈರ್ಯ ಇಡೀ ಸೀಮೆಯಲ್ಲಿ ಅವನೊಬ್ಬನಿಗೇ ಉಂಟು. ಅದನ್ನೆಲ್ಲ ಹೇಗೋ ಸಹಿಸಬಹುದು. ಸಹಿಸಲಾಗದ್ದು ಅವನ ಪ್ರೀಸೆಟ್ಟು.

ಪ್ರೀಸೆಟ್ಟೆಂದರೆ ಯಾರೋ ಎಲ್ಲೋ ಕೂತು ಹದ ಮಾಡಿಟ್ಟ ಬಣ್ಣದ ರೆಡಿ ಮಸಾಲೆ. ಹಾಲಿವುಡ್, ಮೂಡಿ, ವಿಂಟೇಜ್, ಟೀಲ್-ಆರೆಂಜ್ ಎಂದು ಅವನ ಪೆನ್‌ಡ್ರೈವಿನಲ್ಲಿ ರಾಶಿ ಬಿದ್ದಿವೆ. 2018ರಲ್ಲಿ ‘ಕೆಜಿಎಫ್’ ಬಂದ ಮೇಲೆ ಅದರ ಹೆಸರಿನದೂ ಒಂದು ಸೇರಿತು. ಮೊದಲ ಪ್ರಯೋಗ ನಮ್ಮ ಓಣಿಯ ತೊಟ್ಟಿಲು ಕಾರ್ಯದ ಮೇಲೆ. ಕೋಲಾರದ ಗಣಿ 2001ರಲ್ಲೇ ಮುಚ್ಚಿತು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಈಗಲೂ ಚಿನ್ನ ತೆಗೆಯುತ್ತಾರೆ. ವಿಡಿಯೊದಲ್ಲಿ ಕೂಸು, ಬಾಣಂತಿ, ಸೋದರತ್ತೆಯರು ಎಲ್ಲರೂ ಹಟ್ಟಿಯ ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಮೇಲೆ ಬಂದವರಂತಿದ್ದರು.

ಒಮ್ಮೆ ಮಸ್ಕಿಗೆ ಹೋಗಿ, 1915ರಲ್ಲಿ ಬೆಳಕಿಗೆ ಬಂದ ಶಾಸನದ ಬಂಡೆಯನ್ನೂ ಚಿತ್ರಿಸಿಕೊಂಡು ಬಂದ. ದೇವಾನಾಂಪ್ರಿಯ ಅಂದರೆ ಅಶೋಕನೇ ಎಂದು ಗಟ್ಟಿಯಾದದ್ದು ಆ ಶಾಸನದಿಂದ. ಇವನ ವಿಡಿಯೊ ನೋಡಿದರೆ ಅದು ಯಾವ ಬಂಡೆಯೆಂದು ಅಶೋಕನಿಗೂ ಗೊತ್ತಾಗಲಿಕ್ಕಿಲ್ಲ.

ಇಷ್ಟಾದರೂ ಅಣ್ಣನ ಮಗಳ ಮದುವೆಗೆ ಅವನೇ ಬಂದ. ಅಣ್ಣನ ಗದ್ದೆ ಇರುವುದು ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದಲ್ಲಿ. ಕೆಳಭಾಗವೆಂದರೆ ಮೇಲಿನವರ ಗದ್ದೆ ತುಂಬಿದ ಮೇಲೆ ನೀರು ಬಂದರೆ ಬಂತು, ಇಲ್ಲದಿದ್ದರೆ ಧರಣಿ. ಆ ಸಲ ನೀರು ಬಂದಿತ್ತು, ನೆಲ್ಲು ಹಚ್ಚಗೆ ತೂಗುತ್ತಿತ್ತು. ಬೀಗರೂ ನೋಡಲಿ ಎಂದು ಪ್ರೀ-ವೆಡ್ಡಿಂಗ್ ಶೂಟಿಂಗನ್ನು ಅಣ್ಣ ಅಲ್ಲೇ ಇಡಿಸಿದ. ವಿಡಿಯೊ ಬಂತು. ಹುಡುಗ ಹುಡುಗಿ ಕಿತ್ತಳೆ ಬಣ್ಣಕ್ಕೆ ಹೊಳೆಯುತ್ತಿದ್ದರು. ಬೆನ್ನ ಹಿಂದಿನ ಬೆಳೆ ಒಣಹುಲ್ಲಾಗಿತ್ತು. ಲಿಂಗಸುಗೂರಿನಿಂದ ಬೀಗರ ಫೋನು: ‘ಯಾಕ್ರಿ ಬೀಗರ, ಈ ಸಲ ಕಾಲುವಿ ಕೈ ಕೊಡ್ತೇನು? ಮದುವಿ ಖರ್ಚು ಬೇಕಾದ್ರ ಅರ್ಧಾ ಅರ್ಧಾ ಹಾಕೂಣ್ರಿ.’

ಬೈದರೂ ತಾಳಿಕೊಳ್ಳುವ ಅಣ್ಣ ಕನಿಕರವನ್ನು ತಾಳಲಾರ. ನನ್ನನ್ನು ಎಳೆದುಕೊಂಡೇ ಸ್ಟುಡಿಯೊಗೆ ನಡೆದ.

‘ಹಚ್ಚಗಿದ್ದ ಬೆಳಿ ಒಣಗಿಸಿ ಇಟ್ಟೀಯಲ್ಲೋ ತಮ್ಮಾ!’

‘ಸಿನಿಮ್ಯಾಟಿಕ್ ಐತ್ರಿ ಕಾಕಾ!’

ಅವನ ಮಾತಿಗೆ ದೊಡ್ಡವರ ಮೇಲ್ಪಂಕ್ತಿ ಇಲ್ಲದಿಲ್ಲ. 2000ರಲ್ಲಿ ಬಂದ ಕೋಯೆನ್ ಸಹೋದರರ ‘ಓ ಬ್ರದರ್, ವೇರ್ ಆರ್ಟ್ ದೌ?’ ಚಿತ್ರಕ್ಕಾಗಿ ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಮಿಸಿಸಿಪ್ಪಿಯ ಹಸಿರನ್ನೆಲ್ಲ ವಾರಗಟ್ಟಲೆ ಕೂತು ಕಂಪ್ಯೂಟರಿನಲ್ಲಿ ಒಣ ಹಳದಿ ಮಾಡಿಸಿದ್ದರು. ಅಲ್ಲಿ ಕಥೆಗೆ 1930ರ ದಶಕದ ಧೂಳು ಬೇಕಿತ್ತು. ಅಣ್ಣನ ಕಥೆಗೆ ಬೇಕಿದ್ದದ್ದು ನೀರು.

ಪ್ರೀಸೆಟ್ಟಿಗೆ ಇದು ತಿಳಿಯದು, ಅದಕ್ಕೆ ಕಣ್ಣಿಲ್ಲ. ಈ ಬಣ್ಣ ಬಂದರೆ ಆ ಬಣ್ಣ ಕೊಡು ಎಂಬ ಲೆಕ್ಕವಷ್ಟೇ ಅದರಲ್ಲಿರುವುದು. ಮೈಬಣ್ಣ ಕಿತ್ತಳೆಯ ಕಡೆಯದು. ಅದಕ್ಕೆದುರಾದ ನೀಲಿಹಸಿರನ್ನು ನೆರಳಿಗೆ ತುಂಬಿದರೆ ಮುಖ ಎದ್ದು ಕಾಣುತ್ತದೆ. ಎಷ್ಟೋ ಪ್ರೀಸೆಟ್ಟುಗಳು ಕ್ಯಾಮೆರಾದ ‘ಲಾಗ್’ ಎಂಬ ಮೋಡ್‌ನಲ್ಲಿ ತೆಗೆದ ಸಪ್ಪೆ ದೃಶ್ಯಕ್ಕೆಂದೇ ಮಾಡಿದವು. ಮೊದಲೇ ಗಾಢವಾಗಿರುವ ವಿಡಿಯೊಗೆ ಹಾಕಿದರೆ ನೆರಳೆಲ್ಲ ಮಸಿ. ಬೆಳಕು, ವೈಟ್ ಬ್ಯಾಲೆನ್ಸ್ ಮೊದಲು ಸರಿಮಾಡಿಕೊಂಡು, ಆಮೇಲೆ ಪ್ರೀಸೆಟ್ ಹಾಕಿ, ಕಣ್ಣಿಗೆ ಹಿತವಾಗುವಷ್ಟು ಇಳಿಸಬೇಕು. ಇದನ್ನೆಲ್ಲ ನನಗೆ ಹೇಳಿಕೊಟ್ಟವನೂ ಅವನೇ. ಮಾಡಲು ಪುರುಸೊತ್ತೆಲ್ಲಿ? ನಾಳೆ ಬೆಳಗಾದರೆ ಇನ್ನೊಂದು ಮದುವೆ.

ಪಾಪ, ದುಡಿಯುವುದರಲ್ಲಿ ಎರಡು ಮಾತಿಲ್ಲ. ರಾಯಚೂರು ಜಿಲ್ಲೆಯ ಮೇ ಬಿಸಿಲಲ್ಲಿ ಸುರಗಿ ನೀರಿನಿಂದ ಹೆಣ್ಣೊಪ್ಪಿಸುವ ತನಕ ನಿಂತೇ ಇರುತ್ತಾನೆ. ಊಟಕ್ಕೆ ಕೂರುವುದು ಅಡುಗೆಯವರ ಜೊತೆ, ಕೊನೆಯ ಪಂಕ್ತಿಗೆ. ಬಾಕಿ ಹಣಕ್ಕೆ ಸುಗ್ಗಿವರೆಗೆ ಅಲೆಯುತ್ತಾನೆ. ನನ್ನ ವಾಟ್ಸ್‌ಆ್ಯಪ್ ಫೋಟೊ ಕೂಡ ಅವನ ಕೃಪೆಯೇ. ಅದರಲ್ಲಿ ನನ್ನ ಬೋಳುತಲೆಯ ಮೇಲೆ ಸೂರ್ಯ ಮುಳುಗುತ್ತಿದ್ದಾನೆ. ತೆಗೆಯಲು ಮನಸ್ಸಾಗಿಲ್ಲ.

ನಾವಿನ್ನೂ ಸ್ಟುಡಿಯೊದಲ್ಲಿದ್ದಾಗಲೇ ಗೃಹಸ್ಥರೊಬ್ಬರು ಬಂದು ಪಿಸುಗುಟ್ಟಿದರು: ‘ಹುಡುಗಿ ಸ್ವಲ್ಪ ಕಪ್ಪದಾಳ. ನೋಡಿ ಮಾಡಪಾ.’ ಎರೆ ಸೀಮೆಯಲ್ಲಿ ಕೂತು ಹೇಳುವ ಮಾತೇ ಇದು? ಹೊಲ ಕಪ್ಪಿದ್ದಷ್ಟೂ ಹೆಮ್ಮೆ, ಮಗಳು ಮಾತ್ರ ಬೆಳ್ಳಗಿರಬೇಕು. ಹಿಂದೆಯೂ ಸ್ಟುಡಿಯೊದವರು ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮುಖದ ಕಲೆ ಅಳಿಸುತ್ತಿದ್ದರು. ಆದರೂ ಅಳಿಸಿದ ಮೇಲೆ ಅವ್ವ ಅವ್ವನಂತೆಯೇ ಕಾಣುತ್ತಿದ್ದಳು. ಈ ಹುಡುಗಿಯ ಮಕ್ಕಳು ನಾಳೆ ಮದುವೆಯ ವಿಡಿಯೊ ನೋಡಿ ‘ಈಕಿ ಯಾರವ್ವಾ?’ ಅಂದರೆ ಅವಳು ಏನೆಂದಾಳು? ನಾನು ಇದನ್ನು ಬಾಯಿಬಿಟ್ಟೇ ಹೇಳಿಬಿಟ್ಟೆನೆಂದು ಕಾಣುತ್ತದೆ. ಗೃಹಸ್ಥರು ನನ್ನನ್ನು ಕೆಕ್ಕರಿಸಿ ನೋಡಿ ಹೊರನಡೆದರು.

‘ಗಿರಾಕಿ ಓಡಿಸಬ್ಯಾಡ್ರಿ ಕಾಕಾ’ ಎಂದು ಗೊಣಗಿದ ಹುಡುಗ ಗದ್ದೆಯ ಮೇಲಿನ ಪ್ರೀಸೆಟ್ ಕಿತ್ತು ಹಾಕಿದ. ಹಸಿರು ಮರಳಿತು. ಕಾಲುವೆಯ ನೀರಿಗೆ ಮಣ್ಣಿನ ಬಣ್ಣ ಬಂತು. ಗದ್ದೆಯ ಕೊನೆಯಲ್ಲಿ ನೀರು ಏರದ ಒಂದು ಮೂಲೆ ಹಳದಿಯಾಗಿದ್ದದ್ದೂ ಕಂಡಿತು. ಇದ್ದದ್ದು ಇದ್ದಂತೆ.

ಅಣ್ಣ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದ. ನಾನು ಕೇಳಿಸಿಕೊಳ್ಳಬಾರದೆಂಬಂತೆ ಹುಡುಗನ ಕಿವಿಯತ್ತ ಬಗ್ಗಿದ.

‘ಆ ಮೂಲಿ ಒಂದೀಟು ಹಸರು ಮಾಡಾಕ ಬರ್ತೈತೇನಪಾ? ಬೀಗರು ನೋಡ್ತಾರ.’

‘ಬರ್ತೈತ್ರಿ ಕಾಕಾ. ಅದಕೂ ಒಂದು ಪ್ರೀಸೆಟ್ ಐತಿ.’